ಪೆಟ್ಟಾದ ಕಾಲು, ತುಂಬಿದ ಲಾರಿ: ಕಾನೂನು ಮತ್ತು ಸುರಕ್ಷತೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ವ್ಯಾಪಾರೋದ್ಯಮವು ಸುಣ್ಣಕಲ್ಲಿನ ಮೇಲೆ ನಿಂತಿದೆ. ವಾಡಿ, ಸೇಡಂ ಮತ್ತು ಮಳಖೇಡದ ಸಿಮೆಂಟ್, ಶಹಾಬಾದ ಮತ್ತು ಚಿತ್ತಾಪುರದ ಫರಸಿ ಕಲ್ಲು, ಸುತ್ತಲ ಹೊಲಗಳ ತೊಗರಿ ಇವೆಲ್ಲವೂ ಗ್ರಾಹಕನನ್ನು ತಲುಪುವುದರಲ್ಲಿ ಲಾರಿಯ ಪಾತ್ರ ದೊಡ್ಡದು. ವಾಡಿ ಜಂಕ್ಷನ್‌ನಿಂದ ರೈಲು ಸಾಗಾಣಿಕೆ ಎಷ್ಟೇ ನಡೆದರೂ ಗಣಿಯಿಂದ ಕಾರ್ಖಾನೆಗೆ, ಗೋದಾಮಿನಿಂದ ಅಂಗಡಿಗೆ ಸರಕನ್ನು ಮುಟ್ಟಿಸುವವನು ಲಾರಿ ಚಾಲಕನೇ. ಆ ಚಾಲಕನ ಕಾಲಿಗೆ ಪೆಟ್ಟಾದಾಗ ಆತ ಸ್ಟಿಯರಿಂಗ್ ಹಿಡಿಯಬಹುದೇ? ಹಿಡಿದರೆ ಹೊಣೆ ಯಾರದು? ಈ ಪ್ರಶ್ನೆಗಳು ಚಾಲಕರಿಗಿಂತ ಹೆಚ್ಚಾಗಿ ಲಾರಿ ಮಾಲೀಕರಿಗೆ, ಸಾಗಾಣಿಕೆ ಗುತ್ತಿಗೆದಾರರಿಗೆ ಮತ್ತು ಸರಕು ಕಳುಹಿಸುವ ವರ್ತಕರಿಗೆ ಸಂಬಂಧಿಸಿದವು.

ಈ ಭಾಗದಲ್ಲಿ ಕಾಲಿಗೆ ಪೆಟ್ಟಾಗುವುದು ಅಪರೂಪದ ಸಂಗತಿಯಲ್ಲ. ಎರಡು ಅಡಿ ಉದ್ದಗಲದ, ಒಂದೂವರೆ ಅಂಗುಲ ದಪ್ಪದ ಒಂದು ಫರಸಿಯೇ 35 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಕಲ್ಲು ತುಂಬುವಾಗ ಅಂಥ ಚಪ್ಪಡಿಯೊಂದು ಜಾರಿದರೆ ಪಾದದ ಎಲುಬು ಬಿರುಕು ಬಿಡಲು ಅಷ್ಟೇ ಸಾಕು. ಟಾರ್ಪಾಲಿನ್ ಕಟ್ಟಿ ಕೆಳಗೆ ಹಾರುವಾಗ ಪಾದ ಹೊರಳುವುದೂ ಉಂಟು. ಇಂಥ ಪ್ರಸಂಗಗಳಲ್ಲಿ ಮುಂದೆ ನಡೆಯುವುದು ಬಹುತೇಕ ಒಂದೇ ರೀತಿ. ಚಾಲಕನಿಗೆ ಸಂಪಾದನೆ ಟ್ರಿಪ್ ಲೆಕ್ಕದ ಮೇಲೆ. ಮನೆಯಲ್ಲಿ ಕುಳಿತರೆ ಬತ್ತಾ ಇಲ್ಲ. ಮಾಲೀಕರಿಗೆ ಲಾರಿ ಸಾಲದ ಕಂತು ತಪ್ಪುವುದಿಲ್ಲ. ನೋವಿನ ಮಾತ್ರೆ ನುಂಗಿ, ಕಾಲಿಗೆ ಪಟ್ಟಿ ಸುತ್ತಿಕೊಂಡು, ‘ಇದೊಂದು ಟ್ರಿಪ್ ಮುಗಿಸಿ ಬರುತ್ತೇನೆ’ ಎಂದು ಚಾಲಕನೇ ಹೇಳುತ್ತಾನೆ, ಮಾಲೀಕರು ತಡೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

‘ಕಾಲಿಗೆ ಪ್ಲಾಸ್ಟರ್ ಇದ್ದರೆ ವಾಹನ ಚಲಾಯಿಸಬಾರದು’ ಎಂಬ ಸಾಲು 1988ರ ಮೋಟಾರು ವಾಹನ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಇದರಿಂದಲೇ ಹಲವರು ಅಡ್ಡಿಯೇನೂ ಇಲ್ಲವೆಂದು ಭಾವಿಸಿದ್ದಾರೆ. ಅದು ತಪ್ಪು ತಿಳಿವಳಿಕೆ. ತನ್ನ ಚಾಲನೆಯಿಂದ ಸಾರ್ವಜನಿಕರಿಗೆ ಅಪಾಯ ಒದಗುವಂಥ ಕಾಯಿಲೆ ಅಥವಾ ಅಂಗದೌರ್ಬಲ್ಯ ತನಗಿದೆಯೆಂದು ಗೊತ್ತಿದ್ದೂ ಸಾರ್ವಜನಿಕ ಸ್ಥಳದಲ್ಲಿ ವಾಹನ ನಡೆಸುವುದು ಇದೇ ಕಾಯಿದೆಯ 186ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ 1,000 ರೂಪಾಯಿವರೆಗೆ, ಮತ್ತೆ ಮಾಡಿದರೆ 2,000 ರೂಪಾಯಿವರೆಗೆ ದಂಡ ವಿಧಿಸಬಹುದು.

ದಂಡದ ಮೊತ್ತ ಸಣ್ಣದೆಂದು ಅಲಕ್ಷಿಸುವಂತಿಲ್ಲ. 188ನೇ ಕಲಮಿನ ಪ್ರಕಾರ ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆಯುಂಟು. ಚಾಲಕ ಕುಂಟುವುದನ್ನು ಕಂಡೂ ‘ಹೋಗಿ ಬಾ’ ಎಂದು ಒತ್ತಾಯಿಸಿ ಕಳುಹಿಸಿದ ಮಾಲೀಕರು ಈ ಕಲಮನ್ನು ನೆನಪಿಡಬೇಕು. ಅಪಘಾತವಾಗಿ ಜೀವಹಾನಿಯಾದರಂತೂ ನಿರ್ಲಕ್ಷ್ಯದಿಂದ ಸಾವುಂಟುಮಾಡಿದ ಆರೋಪಕ್ಕೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಪೆಟ್ಟಾದ ಕಾಲಿನ ಸಂಗತಿ ಆಗ ವೈದ್ಯರ ಚೀಟಿಯಿಂದಲೇ ಹೊರಬೀಳುತ್ತದೆ.

ನೋವು ನಿವಾರಕಗಳದ್ದು ಇನ್ನೊಂದು ಬಗೆಯ ತೊಡಕು. ಟ್ರಮಡಾಲ್‌ನಂಥ ಕೆಲವು ಔಷಧಗಳು ಮಂಪರು ತರುತ್ತವೆ. ವಾಹನವನ್ನು ಹತೋಟಿಯಲ್ಲಿಡಲಾಗದಷ್ಟು ಔಷಧದ ಪ್ರಭಾವಕ್ಕೊಳಗಾಗಿ ಚಲಾಯಿಸುವುದನ್ನು 185ನೇ ಕಲಮು ಕುಡಿದು ಚಲಾಯಿಸುವುದರ ಸಾಲಿನಲ್ಲೇ ಇರಿಸಿದೆ.

ಪರೀಕ್ಷೆಯಿಲ್ಲದ ಐದು ವರ್ಷ

ಸಾರಿಗೆ ವಾಹನದ ಲೈಸೆನ್ಸ್ ಪಡೆಯುವಾಗ ವೈದ್ಯರ ಪ್ರಮಾಣಪತ್ರ ಕಡ್ಡಾಯ. 2019ರ ತಿದ್ದುಪಡಿಯ ಬಳಿಕ ಈ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ನವೀಕರಣದ ತನಕ ನಡುವೆ ಕಾಲು ಮುರಿದರೂ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದರೂ ಅದು ತಾನಾಗಿ ಸಾರಿಗೆ ಕಚೇರಿಯ ಗಮನಕ್ಕೆ ಬರುವ ವ್ಯವಸ್ಥೆಯಿಲ್ಲ. ಚಾಲಕ ಅನರ್ಹನೆಂದು ನಂಬಲು ಕಾರಣವಿದ್ದರೆ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳುವ ಅಥವಾ ಲೈಸೆನ್ಸನ್ನೇ ರದ್ದುಪಡಿಸುವ ಅಧಿಕಾರವನ್ನು 16ನೇ ಕಲಮು ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ವಿಷಯ ತಿಳಿದರೆ ತಾನೆ ಆ ಅಧಿಕಾರ ಕೆಲಸಕ್ಕೆ ಬರುವುದು? ಲಾರಿಗೆ ಫಿಟ್‌ನೆಸ್ ಪತ್ರವಿದೆಯೇ ಎಂದು ಕೇಳುವವರು ಹಲವರು. ಚಾಲಕನ ಕಾಲು ನೋಡುವವರು ಯಾರೂ ಇಲ್ಲ. ದಿನವೂ ಆತನನ್ನು ಕಾಣುವವರು ಮಾಲೀಕರು ಮಾತ್ರ.

ಅರ್ಧ ಸೆಕೆಂಡಿನ ಬೆಲೆ

ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವ ಲಾರಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ. ಕಾಲಿನ ನೋವಿನಿಂದ ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೂ ಲಾರಿ ಸುಮಾರು 7 ಮೀಟರ್, ಅಂದರೆ 23 ಅಡಿ ಮುಂದೆ ಹೋಗಿರುತ್ತದೆ. 400 ಚೀಲ ಸಿಮೆಂಟ್ ಎಂದರೆ 20 ಟನ್ ಭಾರ. ಕಲಬುರಗಿಯಿಂದ ಮಳಖೇಡ, ಸೇಡಂ ಮಾರ್ಗವಾಗಿ ತೆಲಂಗಾಣದ ಗಡಿಯತ್ತ ಸಾಗುವ ರಸ್ತೆಯಲ್ಲಿ ಎತ್ತಿನ ಬಂಡಿ, ಶಾಲಾ ಮಕ್ಕಳು, ದ್ವಿಚಕ್ರ ವಾಹನಗಳು ಎಲ್ಲವೂ ಇರುತ್ತವೆ. ಆ 23 ಅಡಿಗಳಲ್ಲಿ ಯಾರಿದ್ದಾರು ಎಂದು ಹೇಳಲಾಗದು.

ಬಲಗಾಲು ಆಕ್ಸಿಲರೇಟರ್ ಮತ್ತು ಬ್ರೇಕಿಗೆ, ಎಡಗಾಲು ಕ್ಲಚ್ಚಿಗೆ ಮೀಸಲು. ಎಡಗಾಲಿನ ಗಾಯ ಚಿಕ್ಕದೆಂದು ತಿಳಿಯುವುದು ಸರಿಯಲ್ಲ; ಕಾರ್ಖಾನೆಯ ದ್ವಾರದ ಸರದಿಯಲ್ಲಿ, ರೈಲ್ವೆ ಗೇಟಿನ ಬಳಿ ನೂರಾರು ಬಾರಿ ಕ್ಲಚ್ ಒತ್ತಬೇಕಾಗುತ್ತದೆ. ಪ್ಲಾಸ್ಟರ್ ಹಾಕಿದ ಪಾದಕ್ಕೆ ಪೆಡಲಿನ ಸ್ಪರ್ಶವೇ ತಿಳಿಯುವುದಿಲ್ಲ. ಅದು ಎರಡು ಪೆಡಲುಗಳ ಮೇಲೆ ಒಟ್ಟಿಗೇ ಬೀಳಲೂಬಹುದು. ದ್ವಿಚಕ್ರ ವಾಹನದಲ್ಲಿಯೂ ಸಾಮಾನ್ಯವಾಗಿ ಗೇರು ಎಡಗಾಲಿಗೆ, ಹಿಂದಿನ ಬ್ರೇಕು ಬಲಗಾಲಿಗೆ. ವಾಹನ ನಿಂತಾಗ ಭಾರ ಹೊರಬೇಕಾದುದೂ ಕಾಲೇ.

ನೋವು ಕಡಿಮೆಯಾದ ಕೂಡಲೇ ಕಾಲು ಸಿದ್ಧವಾಯಿತೆಂದು ಅರ್ಥವಲ್ಲ. ಬಲ ಪಾದದ ಕೀಲು ಮುರಿದು ಶಸ್ತ್ರಚಿಕಿತ್ಸೆಯಾದವರ ಬ್ರೇಕ್ ಒತ್ತುವ ವೇಗವನ್ನು ಅಳೆದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಆ ವೇಗ ಸಹಜ ಸ್ಥಿತಿಗೆ ಮರಳಲು ಸುಮಾರು ಒಂಬತ್ತು ವಾರ ಬೇಕಾಯಿತೆಂದು ಅದು ಕಂಡುಕೊಂಡಿತು. ಅದು ಕಾರಿನ ಲೆಕ್ಕ. ತುಂಬಿದ ಲಾರಿಗೆ ಇನ್ನಷ್ಟು ಎಚ್ಚರ ಅಗತ್ಯ.

ವಿಶ್ರಾಂತಿಯ ಕೂಲಿ ಯಾರು ಕೊಡಬೇಕು?

ಸಮಸ್ಯೆಯ ಮೂಲ ಇಲ್ಲಿದೆ. ತನ್ನ ಕಾಲಿನ ಸ್ಥಿತಿಯನ್ನು ಅರಿತು ಹಿಂದೆ ಸರಿಯಬೇಕೆಂದು ಕಾನೂನು ಚಾಲಕನಿಗೆ ಹೇಳುತ್ತದೆ. ಹಿಂದೆ ಸರಿದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಆದ್ದರಿಂದ ಆ ನಿರ್ಧಾರವನ್ನು ಅವನೊಬ್ಬನ ಮೇಲೆ ಬಿಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಇದಕ್ಕೆ ದಾರಿಗಳು ಕಾನೂನಿನಲ್ಲಿಯೇ ಇವೆ. ಹತ್ತು ಅಥವಾ ಹೆಚ್ಚು ನೌಕರರಿರುವ ಸಾರಿಗೆ ಸಂಸ್ಥೆಯು ಇ.ಎಸ್.ಐ. ವ್ಯಾಪ್ತಿಗೆ ಬರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ವಿಮಾದಾರ ಚಾಲಕನಿಗೆ ಕೆಲಸದಲ್ಲಿ ಗಾಯವಾದರೆ, ಚೇತರಿಸಿಕೊಳ್ಳುವ ತನಕ ಕೂಲಿಯ ಶೇ 90ರಷ್ಟು ನಗದು ಸೌಲಭ್ಯ ದೊರೆಯುತ್ತದೆ. ಮನೆಯಲ್ಲಿ ಬಿದ್ದು ಗಾಯವಾದರೂ ಅನಾರೋಗ್ಯ ಸೌಲಭ್ಯವಾಗಿ ವರ್ಷಕ್ಕೆ 91 ದಿನಗಳವರೆಗೆ ಶೇ 70ರಷ್ಟು ಸಿಗುತ್ತದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿಯೇ ಇ.ಎಸ್.ಐ. ಆಸ್ಪತ್ರೆಯಿದೆ. ಈ ವ್ಯಾಪ್ತಿಗೆ ಬಾರದ ಒಂದೆರಡು ಲಾರಿಗಳ ಮಾಲೀಕರಿಗೂ ಹೊಣೆ ತಪ್ಪದು. ಕೆಲಸದಲ್ಲಿ ಗಾಯಗೊಂಡು ತಾತ್ಕಾಲಿಕವಾಗಿ ದುಡಿಯಲಾಗದವನಿಗೆ ಮಾಸಿಕ ವೇತನದ ಶೇ 25ರಷ್ಟನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕೆಂಬ ಪರಿಹಾರ ನಿಯಮವು 1923ರ ಕಾಯಿದೆಯಿಂದ ಹೊರಟು 2020ರ ಸಾಮಾಜಿಕ ಸುರಕ್ಷಾ ಸಂಹಿತೆಯಲ್ಲಿ ಮುಂದುವರಿದಿದೆ.

ಮಾಲೀಕರು ಕೈಗೊಳ್ಳಬಹುದಾದ ಕ್ರಮಗಳು

ಒಂದು: ಲಾರಿ ಹೊರಡುವ ಮುನ್ನ ಚಾಲಕ ನಡೆಯುವುದನ್ನೂ ಕ್ಯಾಬಿನ್ ಹತ್ತುವುದನ್ನೂ ಗಮನಿಸುವುದು. ಕುಂಟುವವನು, ನಿಂತ ಲಾರಿಯಲ್ಲಿ ಬ್ರೇಕ್ ಪೂರ್ತಿ ಒತ್ತಿ ಹಿಡಿಯಲಾಗದವನು ಆ ದಿನ ಹೊರಡಬಾರದು.

ಎರಡು: ಎಲುಬು ಮುರಿತ ಅಥವಾ ಶಸ್ತ್ರಚಿಕಿತ್ಸೆಯಾಗಿದ್ದರೆ, ಭಾರೀ ವಾಹನ ನಡೆಸಲು ಅರ್ಹನೆಂದು ವೈದ್ಯರು ಲಿಖಿತವಾಗಿ ತಿಳಿಸಿದ ಮೇಲಷ್ಟೇ ಕೆಲಸಕ್ಕೆ ಕರೆಯುವುದು. ಕೊಡುವ ಮಾತ್ರೆಗಳಿಂದ ನಿದ್ದೆ ಬರುವುದೇ ಎಂಬುದನ್ನೂ ವೈದ್ಯರಲ್ಲಿ ಕೇಳುವುದು.

ಮೂರು: ಬದಲಿ ಚಾಲಕರ ಪಟ್ಟಿಯನ್ನು ಆಯಾ ಊರಿನ ಲಾರಿ ಮಾಲೀಕರು ಒಟ್ಟಾಗಿ ಸಿದ್ಧಪಡಿಸಿಕೊಳ್ಳುವುದು. ಚಿಂಚೋಳಿಯಲ್ಲಿ ಚಾಲಕ ಮಲಗಿದರೆ ಸೇಡಂನಿಂದ ಒಬ್ಬರು ಬರುವಂತಾದರೆ ಸರಕೂ ನಿಲ್ಲದು.

ನಾಲ್ಕು: ಕಲ್ಲು ತುಂಬುವ ಸ್ಥಳದಲ್ಲಿ ಹಮಾಲರಿಗೂ ಚಾಲಕರಿಗೂ ಗಟ್ಟಿ ಮುಂತುದಿಯ ಬೂಟು ಒದಗಿಸುವುದು. ಗಾಯವಾಗದಂತೆ ತಡೆಯುವುದಕ್ಕಿಂತ ಅಗ್ಗದ ಉಪಾಯ ಬೇರಿಲ್ಲ.

ಒಬ್ಬ ಚಾಲಕನಿಗೆ ಎಂಟು ವಾರ ವಿಶ್ರಾಂತಿ ಕೊಡುವ ಖರ್ಚನ್ನು ಯಾವ ಮಾಲೀಕರೂ ಲೆಕ್ಕ ಹಾಕಬಲ್ಲರು. ಆ ವಿಶ್ರಾಂತಿಯನ್ನು ಕೊಡದೆ ಹೋದುದರ ಖರ್ಚು ಅಪಘಾತದ ಬಳಿಕ ಮಾತ್ರ ತಿಳಿಯುತ್ತದೆ. ಮೊದಲ ಖರ್ಚನ್ನು ಇಂದೇ ವ್ಯಾಪಾರದ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಈ ಭಾಗದ ಸಾಗಾಣಿಕೆ ಉದ್ಯಮಕ್ಕೆ ಕ್ಷೇಮಕರ.