ಬೀಜದ ಕರಾರಿನಲ್ಲಿ ಗುಟ್ಟಿನ ಕಲಮು

ಬೀಜೋತ್ಪಾದನೆಗೆ ಹೊಲ ಕೊಡುವ ರೈತ ಕಂಪನಿಯ ಕರಾರಿನಲ್ಲಿ ಮೊದಲು ನೋಡುವುದು ದರ. ಆಮೇಲೆ ಅಡ್ವಾನ್ಸ್ ಎಷ್ಟು, ಹಣ ಯಾವಾಗ ಅಂತ ಕೇಳುತ್ತಾನೆ. ಅಷ್ಟಾದರೆ ಸಹಿ. ನಡುವೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಕಲಮು ಇರುತ್ತದೆ, ಅದನ್ನು ಓದುವವರು ಕಡಿಮೆ. 'ಕಂಪನಿ ನೀಡಿದ ಯಾವುದೇ ಮಾಹಿತಿಯನ್ನು ಯಾರಿಗೂ ತಿಳಿಸತಕ್ಕದ್ದಲ್ಲ. ಕಂಪನಿಯ ಅನುಮತಿ ಇಲ್ಲದೆ ಪ್ಲಾಟಿನೊಳಗೆ ಯಾರನ್ನೂ ಬಿಡತಕ್ಕದ್ದಲ್ಲ' ಎನ್ನುವ ಧಾಟಿಯದ್ದು. ಇದಕ್ಕೆ ಗೌಪ್ಯತೆಯ ಕಲಮು ಅಂತಾರೆ. ಬೆಳೆ ಚೆನ್ನಾಗಿ ಬಂದ ವರ್ಷ ಇದರ ನೆನಪೂ ಆಗುವುದಿಲ್ಲ. ಬೆಳೆ ಕೆಟ್ಟ ವರ್ಷ ಇದೇ ಕಲಮು ಎದ್ದು ನಿಲ್ಲುತ್ತದೆ.

ನಾನು ಜನವಾಡದ ಒಣಬೇಸಾಯದವನು. ಉದ್ದು, ಹೆಸರು, ಸೋಯಾ, ತೊಗರಿ, ಹಿಂಗಾರಿ ಜೋಳ ಇಷ್ಟೇ ನನ್ನ ಬೆಳೆ. ಓದಿದ್ದು ಏಳನೇ ಕ್ಲಾಸು. ಹೋದ ಸಲ ನನ್ನ ತಮ್ಮನ ಮಗ ಬೋರಿನ ಕೆಳಗಿನ 20 ಗುಂಟೆಯಲ್ಲಿ ಹೈಬ್ರಿಡ್ ಬೆಂಡಿ ಬೀಜ ಮಾಡಲು ಹೊರಟಾಗ ಕರಾರಿನ ಕಾಗದ ನನ್ನ ಕೈಗೆ ಬಂತು. ಇಂಗ್ಲಿಷಿನಾಗಿತ್ತು. ಬೀದರಿನ ಒಬ್ಬ ವಕೀಲರ ಹತ್ತಿರ ಕೂತು ಸಾಲು ಸಾಲು ಓದಿಸಿ ಕೇಳಿದೆ. ಆಗ ತಿಳಿದದ್ದನ್ನೂ ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಗುಟ್ಟು ಇರೋದು ಎಲ್ಲಿ?

ಹೈಬ್ರಿಡ್ ಅಂದರೆ ಎರಡು ತಳಿಗಳ ಕೂಡಿಕೆ. ಒಂದು ಹೆಣ್ಣು ಸಾಲು, ಇನ್ನೊಂದು ಗಂಡು ಸಾಲು. ಬೆಂಡಿಯಲ್ಲಾದರೆ ಮರುದಿನ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆ ಬಿಡಿಸಿ ಕೇಸರ ತೆಗೆದು ಮುಚ್ಚಿಡುತ್ತಾರೆ. ಬೆಳಿಗ್ಗೆ ಗಂಡು ಗಿಡದ ಹೂ ತಂದು ಪರಾಗ ಮುಟ್ಟಿಸಿ ದಾರ ಕಟ್ಟುತ್ತಾರೆ. ಹೆಣ್ಣು ಗಿಡದಲ್ಲಿ ತಾನಾಗಿ ಕಟ್ಟಿದ ಕಾಯನ್ನು ಕಿತ್ತು ಒಗೆಯಬೇಕು. ಕ್ರಾಸಿಂಗ್ ಮುಗಿದ ಮೇಲೆ ಗಂಡು ಗಿಡಗಳನ್ನೂ ಕಿತ್ತು ಹಾಕಬೇಕು. ಅಂಗಡಿಯ ಪಾಕೀಟಿನ ಬೀಜ ಯಾರು ಬೇಕಾದರೂ ಕೊಳ್ಳಬಹುದು, ಆದರೆ ಅದನ್ನು ಬೆಳೆದು ಮರುಬಿತ್ತಿದರೆ ಗಿಡಗಳು ಒಂದರಂತೆ ಒಂದು ಬರುವುದಿಲ್ಲ. ಪಾಕೀಟನ್ನು ಮತ್ತೆ ತಯಾರು ಮಾಡಬೇಕಾದರೆ ಆ ಎರಡು ತಂದೆ ತಾಯಿ ಸಾಲು ಬೇಕೇ ಬೇಕು. ಕಂಪನಿಯ ಆಸ್ತಿ ಅಂದರೆ ಅವೆರಡು ಸಾಲು, ಮತ್ತು ಯಾವುದಕ್ಕೆ ಯಾವುದನ್ನು ಕೂಡಿಸಿದ್ದಾರೆ ಎಂಬ ಮಾಹಿತಿ. ಆ ಆಸ್ತಿ ಮೂರು ತಿಂಗಳ ಮೇಲೆ ನಮ್ಮ ಹೊಲದಲ್ಲಿ, ಬೇಲಿ ಇಲ್ಲದೆ, ಬಿಸಿಲು ಮಳೆಯಲ್ಲಿ ನಿಂತಿರುತ್ತದೆ. ಒಂದು ಮುಷ್ಟಿ ಗಂಡು ಬೀಜ ಯಾರಾದರೂ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಹೋದರೆ ಮುಗೀತು. ಕಂಪನಿ ಹೆದರುವುದರಲ್ಲಿ ತಪ್ಪಿಲ್ಲ, ಇದನ್ನು ಮೊದಲು ಒಪ್ಪಿಕೊಳ್ಳೋಣ.

ಹಿಂದೆ ಹೀಗಿರಲಿಲ್ಲ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ 1972ರಲ್ಲಿ ವರಲಕ್ಷ್ಮಿ ಹತ್ತಿ ಬಂತು, 1981ರಲ್ಲಿ ಡಿಸಿಎಚ್ 32, ಅದೇ ಜಯಲಕ್ಷ್ಮಿ. ಸರಕಾರಿ ದುಡ್ಡಿನಲ್ಲಿ ಆದ ಹೈಬ್ರಿಡ್‌ಗಳು ಅವು, ಅವುಗಳ ತಂದೆ ತಾಯಿ ಯಾವುವು ಎಂಬುದು ಬಚ್ಚಿಟ್ಟ ಮಾತಾಗಿರಲಿಲ್ಲ. ರಾಣೆಬೆನ್ನೂರು, ಹಾವೇರಿ ಕಡೆಯ ಹೆಣ್ಣುಮಕ್ಕಳ ಕೈಯಲ್ಲಿ ಈ ಕ್ರಾಸಿಂಗ್ ಕಸಬು ಬೆಳೆಯಿತು. ಖಾಸಗಿ ಕಂಪನಿಗಳು ತಮ್ಮದೇ ಸಾಲು ಮಾಡಿಕೊಂಡ ಮೇಲೆ ಗುಟ್ಟಿನ ಮಾತು ಶುರುವಾಯಿತು.

ನಮ್ಮ ದೇಶದಲ್ಲಿ ವ್ಯಾಪಾರದ ಗುಟ್ಟಿಗೆ ಅಂತಲೇ ಬೇರೆ ಕಾಯ್ದೆ ಇಲ್ಲ. ಅಂಥದ್ದೊಂದು ಬೇಕು ಎಂದು ಕಾನೂನು ಆಯೋಗ 2024ರಲ್ಲಿ ವರದಿ ಕೊಟ್ಟಿದೆ. ಅಲ್ಲಿತನಕ ಕಂಪನಿಗೆ ಕರಾರಿನ ಕಾಗದವೇ ಬೇಲಿ. ಅದಕ್ಕೇ ಅವರ ವಕೀಲರು ಬೇಲಿಯನ್ನು ಆದಷ್ಟು ದೂರ ಹಾಕುತ್ತಾರೆ, ನಮ್ಮ ಬದುವು ಒಳಗೆ ಸೇರಿದರೂ ಚಿಂತೆ ಇಲ್ಲ.

'ಯಾವುದೇ ಮಾಹಿತಿ' ಎಂಬ ಮಾತು

ನಮಗೆ ಬಂದ ಕಾಗದದಲ್ಲಿ ಗುಟ್ಟು ಯಾವುದು ಅಂತ ಹೇಳಿರಲೇ ಇಲ್ಲ. 'ಯಾವುದೇ ಮಾಹಿತಿ' ಅಂತಿತ್ತು. ಹಂಗಾದರೆ ದರವೂ ಗುಟ್ಟೇ, ತೂಕದಲ್ಲಿ ಎಷ್ಟು ಕಡಿತ ಮಾಡಿದರು ಎಂಬುದೂ ಗುಟ್ಟೇ. ಪಕ್ಕದ ಊರಿನವನಿಗೆ ಕಿಲೋಕ್ಕೆ ಎಷ್ಟು ಕೊಟ್ಟರು ಅಂತ ಕೇಳುವಂತಿಲ್ಲ, ನಮಗೆ ಬಂದದ್ದು ಹೇಳುವಂತಿಲ್ಲ. ತಂದೆ ತಾಯಿ ಸಾಲಿನ ಗುಟ್ಟು ಕಾಯೋಣ, ಅದು ಅವರದು. ದರ ಗುಟ್ಟು ಮಾಡಿದರೆ ಲಾಭ ಒಬ್ಬರಿಗೇ. ಹತ್ತು ಮಂದಿ ರೈತರು ಕೂಡಿ ದರ ಕೇಳುವುದನ್ನು ತಪ್ಪಿಸಲಿಕ್ಕೆ ಇದರಷ್ಟು ಸೋವಿ ಉಪಾಯ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ.

ಗುಟ್ಟು ಅಂದರೆ ಇಂತಿಂಥದ್ದು ಅಂತ ಬರೆಸಬೇಕು: ಕಂಪನಿ ಕೊಟ್ಟ ಹೆಣ್ಣು ಗಂಡು ಬೀಜ, ಅದರ ಗುರುತಿನ ನಂಬರು, ಕ್ರಾಸಿಂಗ್ ಬಗ್ಗೆ ಬರಹದಲ್ಲಿ ಕೊಟ್ಟ ಸೂಚನೆ. ಊರಿಗೆಲ್ಲ ಮೊದಲೇ ಗೊತ್ತಿದ್ದದ್ದು, ನಾವೇ ನಮ್ಮ ಅನುಭವದಿಂದ ಮಾಡುತ್ತ ಬಂದದ್ದು ಗುಟ್ಟಲ್ಲ ಎಂದೂ ಒಂದು ಸಾಲು ಸೇರಿಸಬೇಕು. ಇಲ್ಲವಾದರೆ ಬೆಂಡಿಗೆ ತಿಪ್ಪೆಗೊಬ್ಬರ ಎಷ್ಟು ಹಾಕಿದೆ ಅಂತ ಹೇಳಿದರೂ ಕರಾರು ಮುರಿದ ಹಾಗೇ.

ಸೋಯಾ ಬೀಜದ ಕರಾರಿನಲ್ಲಿ ಈ ಕಲಮು ಕಂಡರೆ ಇನ್ನೂ ಹೆಚ್ಚು ವಿಚಾರಿಸಬೇಕು. ಸೋಯಾ ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟುವ ಬೆಳೆ. ಅಲ್ಲಿ ಹೆಣ್ಣು ಗಂಡು ಸಾಲಿನ ಪ್ರಶ್ನೆಯೇ ಬರುವುದಿಲ್ಲ, ಹೊಲದಲ್ಲಿ ನಿಂತಿರುವುದೇ ಪಾಕೀಟಿನಲ್ಲಿ ಹೋಗುವುದು. ನಮ್ಮ ಜಿಲ್ಲೆಯಲ್ಲಿ ಸೋಯಾ ಬೀಜ ಮನೆಯಲ್ಲಿಟ್ಟು ಮರುವರ್ಷ ಬಿತ್ತೋರು, ಬೀಗರಿಗೆ ಕಡ ಕೊಡೋರು ಬಹಳ. ಇದಕ್ಕೆ ಕಾಯ್ದೆಯ ಬಲವೂ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿಯಾದ ತಳಿಯ ಬೀಜವನ್ನೂ ರೈತ ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಿ ಕೊಡಬಹುದು, ಮಾರಲೂಬಹುದು. ಹೆಸರು ಹಚ್ಚಿದ ಪಾಕೀಟು ಮಾಡಿ ಮಾರುವಂತಿಲ್ಲ ಅಷ್ಟೇ.

ಹಾಗಿದ್ದೂ 2019ರ ಏಪ್ರಿಲ್‌ನಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ಕಂಪನಿ ತನ್ನ ಚಿಪ್ಸಿನ ತಳಿ ಬೆಳೆದರು ಅಂತ ದಾವೆ ಹಾಕಿತ್ತು. ಕೆಲವರ ಮೇಲೆ ತಲೆಗೆ ಒಂದು ಕೋಟಿ ರೂಪಾಯಿಗೂ ಮೇಲೆ ಪರಿಹಾರ ಕೇಳಿತ್ತು. ದೇಶದ ತುಂಬ ಗದ್ದಲ ಆಗಿ ಮೇ ತಿಂಗಳಲ್ಲಿ ದಾವೆ ವಾಪಸ್ ತೆಗೆದುಕೊಂಡಿತು. ಆ ತಳಿಯ ನೋಂದಣಿಯನ್ನು ಪ್ರಾಧಿಕಾರ 2021ರಲ್ಲಿ ರದ್ದು ಮಾಡಿತು. ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠ 2024ರ ಜನವರಿಯಲ್ಲಿ ಆ ರದ್ದತಿಯನ್ನು ತೆಗೆದುಹಾಕಿತು. ಒಂದು ಮಾತು ಮಾತ್ರ ನೆನಪಿರಲಿ: 39ನೇ ಕಲಮು ಕೊಟ್ಟ ಹಕ್ಕು ಬೇರೆ, 'ಬೆಳೆದದ್ದೆಲ್ಲ ಕಂಪನಿಗೇ ಕೊಡುತ್ತೇನೆ' ಎಂದು ನಾವೇ ಹಾಕಿದ ಸಹಿ ಬೇರೆ. ಸಹಿ ಹಾಕಿದವನ ಮೇಲೆ ಕರಾರು ಮುರಿದ ಆರೋಪ ಬರಬಹುದು.

ಹೊಲದೊಳಗೆ ಯಾರು ಬರಬಹುದು?

ನನ್ನ ಲೆಕ್ಕಕ್ಕೆ ಇಡೀ ಕಾಗದದಲ್ಲಿ ಮುಖ್ಯವಾದದ್ದು ಇದು.

'ಯಾರನ್ನೂ ಬಿಡತಕ್ಕದ್ದಲ್ಲ' ಅಂತ ಬರೆಯುವವರು ನಮ್ಮ ಕಡೆಯ ಹೊಲ ನೋಡಿಲ್ಲ. ಬಂಡಿದಾರಿ ಹೊಲದ ನಡುವೆಯೇ ಹೋಗ್ಯದ. ಕ್ರಾಸಿಂಗಿಗೆ ಹತ್ತು ಹೆಣ್ಣುಮಕ್ಕಳು ಬರಬೇಕು, ಇವತ್ತು ಬಂದವರು ನಾಳೆ ಇಲ್ಲ. ದನ ಕಾಯುವ ಹುಡುಗ ಕರಾರು ಓದಿ ಬರ್ತಾನೇನು? ಕೂಲಿಯವರು ಸಹಿ ಹಾಕಿದವರಲ್ಲ, ಅವರು ಏನೇ ಮಾಡಿದರೂ ಜವಾಬು ಹೇಳಬೇಕಾದವನು ರೈತ. ಅದಕ್ಕೆ 'ರೈತ ತಿಳಿದೂ ತಿಳಿದು ಬೀಜವನ್ನಾಗಲಿ ಮಾಹಿತಿಯನ್ನಾಗಲಿ ಬೇರೆಯವರಿಗೆ ಕೊಟ್ಟರೆ ಮಾತ್ರ' ಎಂಬ ಮಾತು ಇರಬೇಕು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕಂಪನಿ ಕೊಟ್ಟ ಬೀಜ ಮೊಳೆಯಲಿಲ್ಲ, ಅಥವಾ ಗಿಡಕ್ಕೆ ರೋಗ ಬಂತು ಅಂದುಕೊಳ್ಳಿ. ನಷ್ಟ ಕೇಳಬೇಕಾದರೆ ಸಾಕ್ಷಿ ಬೇಕು. ಸಾಕ್ಷಿ ಅಂದರೆ ಕೃಷಿ ಇಲಾಖೆಯವರು ಬಂದು ನೋಡಬೇಕು, ನಮ್ಮಲ್ಲಾದರೆ ಜನವಾಡದ ಕೃಷಿ ವಿಜ್ಞಾನ ಕೇಂದ್ರದವರು ನೋಡಬೇಕು, ಫೋಟೋ ತೆಗೆಯಬೇಕು, ಪಂಚನಾಮೆ ಆಗಬೇಕು. ಗುಟ್ಟಿನ ಕಲಮು ಹಿಡಿದುಕೊಂಡು 'ಹೊರಗಿನವರನ್ನು ಕರೆದದ್ದೇ ತಪ್ಪು' ಎಂದರೆ? ನೋಡಲಿಕ್ಕೆ ಉಳಿದವರು ಕಂಪನಿಯವರು ಮಾತ್ರ. ಬೀಜ ಕೊಟ್ಟವರೂ ಅವರೇ, ಬೀಜ ಸರಿ ಇತ್ತು ಅಂತ ಹೇಳುವವರೂ ಅವರೇ. ಹದಿನೈದು ದಿನ ತಡವಾದರೆ ಹೊಲದಲ್ಲಿ ನೋಡಲಿಕ್ಕೆ ಏನೂ ಉಳಿಯುವುದಿಲ್ಲ.

ಅದಕ್ಕೆ ಕಲಮಿನ ಕೆಳಗೆ ಹೀಗೆ ಬರೆಸಿದೆವು: 'ಮನೆಯವರು, ಕೂಲಿಯವರು, ವಕೀಲರು, ಸಾಲ ಕೊಟ್ಟ ಬ್ಯಾಂಕು, ವಿಮೆಯವರು, ಕೃಷಿ ಮತ್ತು ತೋಟಗಾರಿಕೆ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ ಹಾಗೂ ನ್ಯಾಯಾಲಯ ಇವರಿಗೆ ಈ ಕಲಮು ಅನ್ವಯಿಸುವುದಿಲ್ಲ.' ಆರ್ಗನೈಸರ್ ಸಿಟ್ಟಿಗೆದ್ದ. 'ಕಾಕಾ, ಎಲ್ಲಾರೂ ಸುಮ್ನ ಸಹಿ ಮಾಡ್ಯಾರ, ನಿಮ್ದೇನ್ರಿ ಇದು' ಅಂದ. 'ನಿಮ್ಮ ಬೀಜದ ಗುಟ್ಟು ನಾವು ಕಾಯ್ತೀವಪ್ಪ, ನಮ್ಮ ನಷ್ಟದ ಗುಟ್ಟು ಕಾಯೋದಿಲ್ಲ' ಅಂದೆ. ಎರಡು ದಿನ ಬಿಟ್ಟು ಮೇಲಿನವರನ್ನು ಕೇಳಿ ಒಪ್ಪಿದ. ಪೆನ್ನಿನಲ್ಲಿ ಅಂಚಿಗೆ ಬರೆದು ಇಬ್ಬರೂ ಸಹಿ ಹಾಕಿದರು. ಹಾಗೆ ಬರೆದದ್ದಕ್ಕೂ ಅಚ್ಚಾದ ಸಾಲಿನಷ್ಟೇ ಬೆಲೆ ಅಂತ ವಕೀಲರು ಹೇಳಿದರು. ದರವನ್ನು ಗುಟ್ಟಿನಿಂದ ಹೊರಗೆ ತೆಗೆಸಿದೆವು. ಗುಟ್ಟು ಕಾಯುವ ಮುದ್ದತು 'ಎಂದೆಂದಿಗೂ' ಅಂತಿದ್ದದ್ದು ಮೂರು ವರ್ಷಕ್ಕೆ ಬಂತು. ಒಂದಕ್ಕೆ ಮಾತ್ರ ಒಪ್ಪಲಿಲ್ಲ, ವ್ಯಾಜ್ಯ ಬಂದರೆ ಹೈದರಾಬಾದಿನಲ್ಲೇ ಮಧ್ಯಸ್ಥಿಕೆ ಎಂಬ ಕಲಮು ಹಾಗೇ ಉಳಿಯಿತು.

ಅದಕ್ಕೂ ಪೂರ್ತಿ ಹೆದರಬೇಕಾಗಿಲ್ಲ. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಒಂದು ತೀರ್ಪು ಕೊಟ್ಟಿದೆ. ಬೀಜೋತ್ಪಾದನೆಗೆ ಕರಾರು ಮಾಡಿಕೊಂಡು ಬೀಜ ಕೊಂಡ ರೈತನೂ ಗ್ರಾಹಕನೇ, ಕರಾರಿನಲ್ಲಿ ಮಧ್ಯಸ್ಥಿಕೆ ಕಲಮು ಇದ್ದರೂ ಅವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಹೇಳಿದೆ. ಅಲ್ಲಿ ರೈತರು ದುಡ್ಡು ಕೊಟ್ಟು ಬೀಜ ಕೊಂಡಿದ್ದರು. ಆದ್ದರಿಂದ ತಂದೆ ತಾಯಿ ಬೀಜಕ್ಕೆ ಹಣ ಹಿಡಿದಿದ್ದರೆ ಅದರ ರಸೀದಿ ಜೋಪಾನ ಮಾಡಬೇಕು.

ದಂಡ ಮತ್ತು ಬಂಧನ

ಗುಟ್ಟು ಬಿಟ್ಟರೆ ಐದು ಲಕ್ಷ ದಂಡ ಅಂತ ಆ ಕಾಗದದಲ್ಲಿತ್ತು. 20 ಗುಂಟೆಯ ಬೆಳೆಗೆ ಐದು ಲಕ್ಷ! ಹುಡುಗ ಹೆದರಿದ್ದೇ ಇದಕ್ಕೆ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕಾಗದದಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಕೋರ್ಟು ಅದರೊಳಗೆ ನ್ಯಾಯವಾಗಿ ಕಂಡಷ್ಟನ್ನೇ ಕೊಡಿಸುತ್ತದೆ, ಬರೆದಿದೆ ಅಂತ ಪೂರ್ತಿ ಕೊಡಿಸಬೇಕೆಂದೇನೂ ಇಲ್ಲ. ಆದರೆ ನಮ್ಮ ಬಾಕಿ ಹಣದಲ್ಲೇ ದಂಡ ಮುರಿದುಕೊಳ್ಳುವ ಅಧಿಕಾರವನ್ನು ಕಂಪನಿ ಬರೆಸಿಕೊಂಡಿದ್ದರೆ ಕೋರ್ಟಿಗೆ ಓಡಾಡಬೇಕಾದವರು ನಾವೇ ಆಗುತ್ತೇವೆ. ಅಂಥ ಸಾಲನ್ನು ಹೊಡೆಸಿಹಾಕಬೇಕು.

ಕರಾರು ಮುಗಿದ ಮೇಲೂ ಇಷ್ಟು ವರ್ಷ ಬೇರೆ ಕಂಪನಿಗೆ ಬೀಜ ಮಾಡಬಾರದು ಅಂತ ಗುಟ್ಟಿನ ಹೆಸರಿನಲ್ಲಿ ಕೆಲವರು ಬರೆಸಿಕೊಳ್ಳುತ್ತಾರೆ. ಅದೇ ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬನ ಕಸಬಿಗೆ ಅಡ್ಡ ಹಾಕುವ ಕರಾರು ನಿಲ್ಲುವುದಿಲ್ಲ. ಕರಾರು ನಡೆದಿರುವಾಗಿನ ಮಾತು ಬೇರೆ. ಮುಗಿದ ಮೇಲೆ ಅವರ ಬೀಜದ ಗುಟ್ಟು ಕಾಯಬೇಕು ನಿಜ, ಕ್ರಾಸಿಂಗ್ ಮಾಡುವ ನಮ್ಮ ಕೈಯನ್ನು ಕಟ್ಟಿಹಾಕಲು ಬರುವುದಿಲ್ಲ.

ಬೀಜ ಕದ್ದರು ಎಂಬ ಮಾತು ಬಂದರೆ ಬಾಯಿಮಾತಿನ ಸಮಜಾಯಿಷಿ ನಡೆಯುವುದಿಲ್ಲ. ಹೆಣ್ಣು ಬೀಜ ಎಷ್ಟು ಗ್ರಾಂ ಬಂತು, ಗಂಡು ಎಷ್ಟು, ಬಿತ್ತಿದ್ದೆಷ್ಟು, ಉಳಿದು ವಾಪಸ್ ಕೊಟ್ಟದ್ದೆಷ್ಟು, ಗಂಡು ಗಿಡ ಕಿತ್ತ ದಿನ ಯಾವುದು, ಇವನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದು ಆರ್ಗನೈಸರನ ಸಹಿ ಹಾಕಿಸಿಕೊಳ್ಳಿ. ನಮ್ಮ ಹುಡುಗನ ಹತ್ತಿರ ಅಂಥ ಬುಕ್ಕು ಅದ. ಸಹಿ ಕೇಳಿದಾಗ ಆರ್ಗನೈಸರನೂ ತೂಕ ಸರಿಯಾಗಿ ನೋಡಿ ಕೊಡಲು ಶುರು ಮಾಡಿದ.

ನಮ್ಮ ಗುಟ್ಟು ಕಾಯುವವರು ಯಾರು?

ಕರಾರಿನ ಜೊತೆ ನಮ್ಮಿಂದ ಏನೇನು ಹೋಗುತ್ತದೆ ನೋಡಿ: ಆಧಾರ್ ಜೆರಾಕ್ಸು, ಪಹಣಿ, ಫ್ರೂಟ್ಸ್ ನಂಬರು, ಬ್ಯಾಂಕಿನ ಪಾಸ್‌ಬುಕ್ಕು, ಫೋಟೋ. ಅದರ ಬಗ್ಗೆ ಆ ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ. ಜನರ ಸ್ವಂತ ಮಾಹಿತಿ ಕಾಯಲು 2023ರಲ್ಲಿ ಒಂದು ಕಾಯ್ದೆ ಆಗಿದೆ, ಆದರೂ ನಮ್ಮ ಎಚ್ಚರ ನಮಗಿರಬೇಕು. ಪ್ರತಿ ಜೆರಾಕ್ಸಿನ ಮೇಲೆ 'ಇಂಥ ಬೀಜದ ಕರಾರಿಗೆ ಮಾತ್ರ' ಎಂದು ಅಡ್ಡ ಬರೆದು ತಾರೀಖು ಹಾಕಿ ಕೊಡಿ. ಸಹಿ ಮಾಡಿದ ಖಾಲಿ ಚೆಕ್ಕು ಮಾತ್ರ ಯಾರು ಕೇಳಿದರೂ ಕೊಡಬೇಡಿ.

ನಾಟಿ ತಳಿಯ ವಿಷಯವೂ ಇದಕ್ಕೆ ಸೇರಿದ್ದೇ. ಧಾರವಾಡ ಕೃಷಿ ವಿಶ್ವವಿದ್ಯಾಲಯ 2005ರ ಸುಮಾರಿಗೆ ಬಿಟಿ ಬದನೆಗೆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಾಗ ಕರ್ನಾಟಕದ ನಾಟಿ ಬದನೆಗಳನ್ನು ಬಳಸಿದ್ದರು, ಉಡುಪಿಯ ಗುಳ್ಳ ಬದನೆ ಅದರಲ್ಲೊಂದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಕೇಳಬೇಕಾದವರನ್ನು ಕೇಳಲಿಲ್ಲ ಎಂದು 2010ರಲ್ಲಿ ಬೆಂಗಳೂರಿನ ಒಂದು ಸಂಸ್ಥೆ ದೂರು ಕೊಟ್ಟಿತು, ಅದು ಧಾರವಾಡದ ಕೋರ್ಟಿನ ತನಕ ಹೋಯಿತು. ಬಿಟಿ ಬದನೆಯ ವಿಷಪರೀಕ್ಷೆಯ ವಿವರವನ್ನು ವ್ಯಾಪಾರದ ಗುಟ್ಟು ಅಂತ ಮುಚ್ಚಿಟ್ಟಿದ್ದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, 2008ರಲ್ಲಿ ಹೊರಗೆ ತರಿಸಬೇಕಾಯಿತು. ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕಲಮು ವ್ಯಾಪಾರದ ಗುಟ್ಟಿಗೆ ವಿನಾಯಿತಿ ಕೊಡುತ್ತದೆ, ಆದರೆ ಜನರ ಹಿತ ಅದಕ್ಕಿಂತ ದೊಡ್ಡದು ಎಂದಾದರೆ ಕೊಡಲೇಬೇಕು ಎಂದೂ ಅಲ್ಲೇ ಬರೆದಿದೆ. ಸರಕಾರಿ ಸಂಸ್ಥೆಯ ಜೊತೆ ಬೀಜದ ಕರಾರು ಮಾಡುವವರಿಗೆ ಇದು ಉಪಯೋಗಕ್ಕೆ ಬಂದೀತು.

ವಕೀಲರ ಫೀಜಿಗೆ ಹೆದರುವವರು ಬೀದರ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಭಾಲ್ಕಿ, ಔರಾದದವರಿಗೆ ತಾಲೂಕು ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ವರಮಾನ ಕಡಿಮೆ ಇರುವವರಿಗೆ ಅಲ್ಲಿ ನೆರವು ಪುಕ್ಕಟೆ. ಹೋಗುವುದಾದರೆ ಕಂಪನಿಯ ಬೀಜ ಮನೆಗೆ ಬರುವುದಕ್ಕೆ ಮೊದಲೇ ಹೋಗಿ. ಬೀಜ ಬಂದು ಮಳೆ ಹಿಡಿದ ಮೇಲೆ ಕಾಗದ ಓದುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ಆರ್ಗನೈಸರ್‌ಗೂ ಅದು ಗೊತ್ತು. ಎರಡೂ ಕಡೆಯ ಸಹಿ ಬಿದ್ದ ಪ್ರತಿಯನ್ನು ಅದೇ ದಿನ ಇಸಿದುಕೊಳ್ಳಿ. 'ಆಫೀಸಿನಿಂದ ಕಳಿಸ್ತೀವಿ' ಅಂದರೆ ಅವರ ಎದುರಿಗೇ ಮೊಬೈಲಿನಲ್ಲಿ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ.