ಜಾಡು ಹಿಡಿಯುವವರು

ಸಾಬಿ ಸ್ಯಾಂಡ್ ಕಾಡಿನ ಸಫಾರಿ ಗಾಡಿಗಳಿಗೆ ಮೇಲೆ ಚಾವಣಿಯಿಲ್ಲ, ಪಕ್ಕಕ್ಕೆ ಗಾಜಿಲ್ಲ. ಎಲ್ಲಕ್ಕಿಂತ ಮುಂದೆ, ಎಡಗಡೆಯ ದೀಪದ ಮೇಲೆ, ಬಾನೆಟ್ಟಿಗೆ ಸೇರಿಸಿ ಒಂಟಿ ಕುರ್ಚಿಯೊಂದನ್ನು ಕೂರಿಸಿರುತ್ತಾರೆ. ಅದು ಟ್ರ್ಯಾಕರ್ ಕೂರುವ ಜಾಗ. ಸ್ಟೀರಿಂಗ್ ಹಿಡಿದ ಗೈಡ್ ಹಿಂದಕ್ಕೆ ತಿರುಗಿ ನಮಗೆ ಮರದ ಹೆಸರು, ಹಕ್ಕಿಯ ಹೆಸರು ಹೇಳುತ್ತಿದ್ದರೆ, ಕುರ್ಚಿಯಲ್ಲಿ ಕೂತವರು ಮಾತ್ರ ರಸ್ತೆಯ ಮಣ್ಣಿನಿಂದ ಕಣ್ಣು ಕೀಳುವುದಿಲ್ಲ. ಅವರ ಕೈ ಮೇಲೆದ್ದಿತೋ, ಗಾಡಿ ನಿಂತಿತು.

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮಕ್ಕೆ ಅಂಟಿಕೊಂಡಿರುವ ಈ ಖಾಸಗಿ ಗೇಮ್ ರಿಸರ್ವ್‌ನ ವಿಸ್ತಾರ ಸುಮಾರು 65 ಸಾವಿರ ಹೆಕ್ಟೇರ್. ಎರಡರ ನಡುವಿನ ಬೇಲಿಯನ್ನು 1993ರಲ್ಲಿ ಕಿತ್ತುಹಾಕಿದ ಮೇಲೆ ಆನೆ, ಸಿಂಹಗಳು ಆಚೀಚೆ ನಿರಾತಂಕವಾಗಿ ಓಡಾಡುತ್ತವೆ. ಜನ ಇಲ್ಲಿಗೆ ಬರುವುದು ಮುಖ್ಯವಾಗಿ ಚಿರತೆ ನೋಡಲು. ಗೆಳೆಯರೆಲ್ಲ ಸೇರಿ ಒಂದು ವಾರ ನಾವು ಹೋದದ್ದೂ ಅದಕ್ಕೇ. ಆದರೆ ದಿನ ಕಳೆದಂತೆ ನಮ್ಮ ಕುತೂಹಲ ಚಿರತೆಯನ್ನು ದಾಟಿ, ಅದನ್ನು ಹುಡುಕಿಕೊಡುವವರ ಕಡೆಗೆ ಹೊರಳಿತು.

ಇಲ್ಲಿನ ಟ್ರ್ಯಾಕರ್‌ಗಳಲ್ಲಿ ಹೆಚ್ಚಿನವರು ಸುತ್ತಲಿನ ಊರುಗಳ ಶಾಂಗಾನ್ ಜನ, ತ್ಸೊಂಗಾ ಮಾತಾಡುವವರು. ನಮ್ಮ ಗಾಡಿಯ ಟ್ರ್ಯಾಕರ್ ಹಿರಿಯರು, ಮಿತಭಾಷಿ. ಒಂದು ಬೆಳಗ್ಗೆ ಕೈ ಎತ್ತಿ ಗಾಡಿ ನಿಲ್ಲಿಸಿ ಕೆಳಗಿಳಿದರು. ಮಣ್ಣಿನ ಮೇಲೆ ಹೆಜ್ಜೆಯ ಸಾಲು. ಉಗುರಿನ ಗುರುತಿಲ್ಲ, ಹಾಗಾಗಿ ಕತ್ತೆಕಿರುಬ ಅಲ್ಲ; ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬು, ಅಂದರೆ ಬೆಕ್ಕಿನ ಕುಲ; ಸಿಂಹಕ್ಕೆ ಬಹಳ ಸಣ್ಣದು. ಹೆಣ್ಣು ಚಿರತೆ. ಇಷ್ಟನ್ನು ಪುಸ್ತಕ ನೋಡಿ ನಾವೂ ಕಲಿಯಬಹುದು. ಅಲ್ಲಿಂದ ಮುಂದಿನದು ಬೇರೆಯೇ ವಿದ್ಯೆ. ಹೆಜ್ಜೆಯ ಅಂಚು ಇನ್ನೂ ಕುಸಿದಿಲ್ಲ. ಮೇಲಿನ ಕೊಂಬೆಯಿಂದ ತೊಟ್ಟಿಕ್ಕಿದ ಇಬ್ಬನಿಯ ಚುಕ್ಕೆಗಳು ಸುತ್ತಲಿನ ಮಣ್ಣಿನಲ್ಲಿವೆ, ಹೆಜ್ಜೆಯೊಳಗೆ ಇಲ್ಲ. ಹಾಗಾದರೆ ಇಬ್ಬನಿ ಉದುರಿದ ಮೇಲೆ ಹೋಗಿದೆ, ಹತ್ತಿರದಲ್ಲೇ ಇದೆ. ಇರುವೆಯೊಂದು ಹೆಜ್ಜೆಗೆ ಅಡ್ಡ ನಡೆದಿದ್ದರೂ ಅದು ಅವರ ಲೆಕ್ಕಕ್ಕೆ ಸಿಗುತ್ತದೆ.

ಅವರು ನಿಲ್ಲುವ ಜಾಗವನ್ನು ಗಮನಿಸಬೇಕು. ಹೆಜ್ಜೆ ತಮಗೂ ಸೂರ್ಯನಿಗೂ ನಡುವೆ ಬರುವಂತೆ ನಿಲ್ಲುತ್ತಾರೆ. ಓರೆ ಬಿಸಿಲಿಗೆ ಎಷ್ಟು ತೆಳುವಾದ ಗುರುತಿಗೂ ನೆರಳು ಹುಟ್ಟುತ್ತದೆ. ನಡೆಯುವಾಗ ಕಾಲ ಬುಡ ನೋಡುವುದಿಲ್ಲ, ಹತ್ತಾರು ಅಡಿ ಮುಂದೆ ನೋಡುತ್ತಾರೆ. ಹುಲ್ಲು ದಟ್ಟವಾದ ಕಡೆ ಜಾಡು ಅಳಿಸಿಹೋಯಿತು. ನಾವಾಗಿದ್ದರೆ ಅಲ್ಲೇ ಸುತ್ತು ಹಾಕುತ್ತಿದ್ದೆವು. ಅವರು ಸುತ್ತಲೂ ಒಮ್ಮೆ ಕಣ್ಣಾಡಿಸಿ, ನೇರ ಒಣಹೊಳೆಯ ಕಡೆ ನಡೆದರು. ಬಿಸಿಲೇರುವ ಹೊತ್ತಿಗೆ ಚಿರತೆ ನೆರಳಿಗೆ ಇಳಿಯುತ್ತದೆ, ಇಳಿಯುವುದಾದರೆ ಈ ತಗ್ಗಿನಲ್ಲೇ ಇಳಿಯಬೇಕು ಎಂಬುದು ಅವರ ಊಹೆ. ಹೊಳೆಯ ಮರಳಲ್ಲಿ ಹೆಜ್ಜೆ ಮತ್ತೆ ಸಿಕ್ಕಿತು. ಗಾಡಿಯಲ್ಲೇ ಕಾದಿದ್ದ ನಮಗೆ ಕೊನೆಗೆ ರೇಡಿಯೋದಲ್ಲಿ ಕೇಳಿಸಿದ್ದು ಒಂದೇ ಪದ: ಯಿಂಗ್ವೆ. ತ್ಸೊಂಗಾದಲ್ಲಿ ಚಿರತೆ. ಜ್ಯಾಕಲ್‌ಬೆರಿ ಮರದ ಕವಲಿಗೆ ಇಂಪಾಲ ಜಿಂಕೆಯನ್ನು ಏರಿಸಿ, ತಾನೂ ಕೊಂಬೆಯ ಮೇಲೆ ಮಲಗಿತ್ತು.

ಕಣ್ಣಿನಷ್ಟೇ ಕೆಲಸ ಕಿವಿಗೂ ಇದೆ. ಇಂಪಾಲದ ಸೀನು, ಕೂಡುವಿನ ಬೊಗಳು, ಮರದ ಮೇಲಿನ ಅಳಿಲಿನ ಚಿರಿಚಿರಿ, ವರ್ವೆಟ್ ಕೋತಿಗಳ ಕೂಗು ಎಲ್ಲವೂ ಸುಳಿವು. ಕಬಿನಿಯಲ್ಲಿ ಮುಸಿಯನ ಕೂಗಿಗೂ ಸಾರಂಗದ ಕೂಗಿಗೂ ಗಾಡಿ ನಿಲ್ಲಿಸಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊದೆಯಾಚೆ ಆಕ್ಸ್‌ಪೆಕರ್ ಹಕ್ಕಿ ಕಿರಿಚಿದರಂತೂ ಟ್ರ್ಯಾಕರ್ ಕೂಡಲೇ ನಿಲ್ಲುತ್ತಾರೆ. ಆ ಹಕ್ಕಿ ಕೂರುವುದು ಕಾಡೆಮ್ಮೆಯ ಮೇಲೆ, ಘೇಂಡಾಮೃಗದ ಮೇಲೆ. ನಡೆದು ಹೋಗುವವರ ಜೀವ ಉಳಿಯುವುದು ಇಂಥ ತಿಳಿವಳಿಕೆಯಿಂದ.

ಇಷ್ಟು ದೊಡ್ಡ ವಿದ್ಯೆಗೆ ಬಹುಕಾಲ ಹೆಸರೇ ಇರಲಿಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಬೇಟೆಯ ಕಾಲದ ಹಳೆಯ ಫೋಟೋಗಳಲ್ಲಿ ಸತ್ತ ಸಿಂಹದ ಪಕ್ಕ ಕೋವಿ ಹಿಡಿದವನ ಹೆಸರಿರುತ್ತದೆ. ಆ ಸಿಂಹದವರೆಗೆ ಅವನನ್ನು ಕರೆದೊಯ್ದವನು ಅಂಚಿನಲ್ಲಿ ಹೆಸರಿಲ್ಲದೆ ನಿಂತಿರುತ್ತಾನೆ. ಬೇಟೆ ನಿಂತು ರಕ್ಷಣೆ ಶುರುವಾದ ಮೇಲೂ ಕಥೆ ಬೇಗ ಬದಲಾಗಲಿಲ್ಲ. 1902ರಲ್ಲಿ ಈ ಸೀಮೆಯ ವಾರ್ಡನ್ ಆಗಿ ಬಂದ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಕಾಡೊಳಗಿನ ಜನರನ್ನು ಹೊರಗೆ ಕಳಿಸಿದರು. ಗುಡಿಸಿಹಾಕುವವನೆಂದು ತ್ಸೊಂಗಾ ಜನ ಅವರನ್ನು ಸ್ಕುಕುಜಾ ಎಂದು ಕರೆದರು. ಕ್ರೂಗರ್‌ನ ಮುಖ್ಯ ಕ್ಯಾಂಪಿಗೆ ಇಂದಿಗೂ ಅದೇ ಹೆಸರು. ಉತ್ತರದ ಪಫೂರಿಯಿಂದ ಮಕುಲೆಕೆ ಜನರನ್ನು 1969ರಲ್ಲಿ ಎಬ್ಬಿಸಿದರು, ಭೂಮಿಯ ಹಕ್ಕು ಅವರಿಗೆ ಮರಳಿದ್ದು 1998ರಲ್ಲಿ. ಕಾಡನ್ನು ಬಲ್ಲವರನ್ನೇ ಕಾಡಿನಿಂದ ದೂರವಿಟ್ಟರೆ ವಿದ್ಯೆ ಯಾರ ಕೈಗೆ ದಾಟೀತು? ಒಂದೆರಡು ತಲೆಮಾರು ಸಾಕು, ಕಳೆದುಹೋಗಲು.

ಅದನ್ನು ತಡೆಯಲು ಹೊರಟವರಲ್ಲಿ ಲೂಯಿಸ್ ಲೀಬೆನ್‌ಬರ್ಗ್ ಮುಖ್ಯರು. ಕಲಹರಿಯ ಸಾನ್ ಬೇಟೆಗಾರರ ಜೊತೆ ತಿರುಗಾಡಿದ ಇವರು, ಜಾಡು ಹಿಡಿಯುವಾಗ ಮನುಷ್ಯ ಮಾಡುವ ಊಹೆ, ಪರೀಕ್ಷೆ, ತಿದ್ದುಪಡಿಯಲ್ಲೇ ವಿಜ್ಞಾನದ ಬೇರಿದೆ ಎಂದು 1990ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಒಣಹೊಳೆಯ ಕಡೆ ನಡೆದ ಆ ಹಿರಿಯರನ್ನು ನೋಡಿದ ಮೇಲೆ ನನಗೆ ಆ ವಾದದಲ್ಲಿ ಅನುಮಾನ ಉಳಿದಿಲ್ಲ. 1994ರಲ್ಲಿ ಲೀಬೆನ್‌ಬರ್ಗ್ ಟ್ರ್ಯಾಕರ್‌ಗಳಿಗೆ ಪರೀಕ್ಷೆ ಆರಂಭಿಸಿದರು. ಇದಕ್ಕೆ ಕಾಗದ, ಪೆನ್ನು ಬೇಡ. ಪರೀಕ್ಷಕರು ಕಾಡಿನ ನೆಲದ ಮೇಲೊಂದು ಗುರುತು ತೋರಿಸಿ ಯಾವುದಿದು ಎಂದು ಕೇಳುತ್ತಾರೆ. ಕಷ್ಟದ ಗುರುತಿಗೆ ಸರಿಯುತ್ತರ ಕೊಟ್ಟರೆ ಮೂರು ಅಂಕ, ತಪ್ಪಿದರೆ ಒಂದೇ ಅಂಕ ಖೋತಾ. ಸುಲಭದ್ದನ್ನು ಹೇಳಿದರೆ ಒಂದೇ ಅಂಕ, ತಪ್ಪಿದರೆ ಮೂರು ಖೋತಾ. ಗೊತ್ತಿರಲೇಬೇಕಾದದ್ದು ಗೊತ್ತಿಲ್ಲದಿದ್ದರೆ ದೊಡ್ಡ ದಂಡ! ಇಷ್ಟು ನ್ಯಾಯವಾದ ಅಂಕಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ಇದರಲ್ಲಿ ಉನ್ನತ ದರ್ಜೆ ಪಡೆದಿದ್ದಾರೆ.

ಇದರ ಬೆನ್ನಿಗೇ ಬಂದದ್ದು ಸೈಬರ್‌ಟ್ರ್ಯಾಕರ್ ಎಂಬ ಪುಟ್ಟ ಕೈಗಣಕದ ತಂತ್ರಾಂಶ. ಅಕ್ಷರದ ಬದಲು ಚಿತ್ರ; ಓದು ಬಾರದವರೂ ಕಂಡದ್ದನ್ನೆಲ್ಲ ದಾಖಲಿಸಬಹುದು. ಕರೂ ರಾಷ್ಟ್ರೀಯ ಉದ್ಯಾನದಲ್ಲಿ ಕರೇಲ್ ಬೆನಾಡಿ ಮತ್ತು ಜೇಮ್ಸ್ ಮಿನ್ಯೆ ಎಂಬ ಟ್ರ್ಯಾಕರ್‌ಗಳು ಇದನ್ನು ಹಿಡಿದು ಕಪ್ಪು ಘೇಂಡಾಮೃಗಗಳ ಹಿಂದೆ ನಡೆದರು. 1999ರಲ್ಲಿ ‘ಪ್ಯಾಕಿಡರ್ಮ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಲೇಖಕರ ಸಾಲಿನಲ್ಲಿ ಅವರಿಬ್ಬರ ಹೆಸರೂ ಇದೆ. 2010ರಲ್ಲಿ ಹುಟ್ಟಿದ ಟ್ರ್ಯಾಕರ್ ಅಕಾಡೆಮಿಯಂತೂ ಹಳ್ಳಿಯ ಯುವಜನರಿಗೆ ಒಂದು ವರ್ಷ ಈ ವಿದ್ಯೆಯನ್ನೇ ಕಲಿಸುತ್ತದೆ. ಅದನ್ನು ಕಟ್ಟಿದವರು ಸಾಬಿ ಸ್ಯಾಂಡಿನ ಲೊಂಡೊಲೋಜಿಯಲ್ಲಿ ಬಹುಕಾಲ ಒಟ್ಟಿಗೆ ದುಡಿದ ರೆನಿಯಾಸ್ ಮ್ಹ್ಲೊಂಗೊ ಮತ್ತು ಅಲೆಕ್ಸ್ ವಾನ್ ಡೆನ್ ಹೀವರ್. ದೇಶದಲ್ಲಿ 2014ರ ಒಂದೇ ವರ್ಷ 1,215 ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾದವು. ಕಳ್ಳನ ಹೆಜ್ಜೆಯನ್ನು ಬೆನ್ನಟ್ಟಲೂ ಬೇಕಾದದ್ದು ಇದೇ ಕಣ್ಣು.

ನಾಗರಹೊಳೆ, ಬಂಡೀಪುರದ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದುಡಿಯುವ ಜೇನುಕುರುಬರ ಕಣ್ಣೂ ಇಂಥದೇ. ಅವರ ವಿದ್ಯೆಗೂ ಇಂಥದೇ ಪರೀಕ್ಷೆ, ದರ್ಜೆ, ದರ್ಜೆಗೆ ತಕ್ಕ ಸಂಬಳ ಸಿಗಬೇಕೆಂದು ನಾವು ರಾತ್ರಿ ಬೆಂಕಿಯ ಸುತ್ತ ಕೂತು ಮಾತಾಡಿಕೊಂಡೆವು.

ಹೋಗಬೇಕೆನ್ನುವವರಿಗೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಅಲ್ಲಿ ಆಗ ಒಣ ಚಳಿಗಾಲ; ಹುಲ್ಲು ತಗ್ಗಿರುತ್ತದೆ, ನೆಲ ತೆರೆದಿರುತ್ತದೆ. ಜೋಹಾನ್ಸ್‌ಬರ್ಗ್‌ನಿಂದ ಸ್ಕುಕುಜಾಕ್ಕೆ ವಿಮಾನವಿದೆ. ತೆರೆದ ಗಾಡಿಯ ಮುಂಜಾನೆಗೆ ದಪ್ಪ ಸ್ವೆಟರ್ ಬೇಕೇಬೇಕು. ಮಲೇರಿಯಾ ಇರುವ ಸೀಮೆ, ಹೊರಡುವ ಮೊದಲು ವೈದ್ಯರನ್ನು ಕಾಣಿ. ಲಾಡ್ಜುಗಳಲ್ಲಿ ಗೈಡ್‌ಗೂ ಟ್ರ್ಯಾಕರ್‌ಗೂ ಬೇರೆಬೇರೆಯಾಗಿ ಟಿಪ್ಸ್ ಕೊಡುವ ರೂಢಿಯಿದೆ. ಟ್ರ್ಯಾಕರ್‌ನದನ್ನು ಅವರ ಕೈಗೇ ಕೊಡಿ. ಪ್ರಾಣಿ ಸಿಗದಿದ್ದರೂ ಚಿಂತೆಯಿಲ್ಲ, ಒಂದು ಜಾಡನ್ನು ಮೊದಲಿಂದ ಕೊನೆವರೆಗೆ ನೋಡಬೇಕೆಂದು ಮೊದಲ ದಿನವೇ ಕೇಳಿಕೊಳ್ಳಿ. ಹಾಗೆ ಕೇಳಿದ ದಿನ ನಮ್ಮ ಹಿರಿಯರು ಮಧ್ಯಾಹ್ನದ ಊಟಕ್ಕೆ ಗಾಡಿ ತಿರುಗಿಸಲೂ ಬಿಡಲಿಲ್ಲ.