ಬೇಸ್‌ಮೆಂಟ್‌ನಲ್ಲಿ ಬೆಡ್‌ರೂಮ್: ಕಿಟಕಿಗೆ ಯಾಕಿಷ್ಟು ಲೆಕ್ಕಾಚಾರ?

ಅಮೆರಿಕದ ಮಿಡ್‌ವೆಸ್ಟ್ ಕಡೆ ಮನೆ ತಗೊಂಡಿರೋ ಕನ್ನಡಿಗರಿಗೆ ಈ ಪರಿಸ್ಥಿತಿ ಹೊಸದಲ್ಲ. ಊರಿಂದ ಅಪ್ಪ-ಅಮ್ಮ ಬರ್ತಾರೆ, ಆರು ತಿಂಗಳು ಇರ್ತಾರೆ, ಮೇಲಿನ ರೂಮುಗಳು ಸಾಲಲ್ಲ, ಕೆಳಗೆ ಬೇಸ್‌ಮೆಂಟ್ ಖಾಲಿ ಬಿದ್ದಿದೆ. ನಾಲ್ಕು ಗೋಡೆ ಎಬ್ಬಿಸಿ, ಕಾರ್ಪೆಟ್ ಹಾಸಿ, ಮಂಚ ಹಾಕಿದ್ರೆ ಆಯ್ತಲ್ಲ? ಆಗಲ್ಲ ಅನ್ನುತ್ತೆ ನಗರದ ಕಟ್ಟಡ ಇಲಾಖೆ. ಆ 'ಆಗಲ್ಲ'ದ ಹಿಂದಿರೋ ವಿಜ್ಞಾನವೇ ಇವತ್ತಿನ ವಿಷಯ.

ಬೆಂಗಳೂರಿನ ಮಾಮೂಲಿ ಮನೆಗಳಿಗಿಲ್ಲದ ನೆಲಮಾಳಿಗೆ ಇಲ್ಲಿ ಯಾಕಿದೆ? ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ, ಕೆಳಗಿಂದ ಇನ್ನಷ್ಟು ನೀರು ಎಳೆದುಕೊಂಡು, ನೆಲವನ್ನೇ ಮೇಲಕ್ಕೆ ಎತ್ತುತ್ತೆ. ಹಾಗಾಗಿ ಅಡಿಪಾಯ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು. ಮಿನೆಸೋಟಾದ ದಕ್ಷಿಣದಲ್ಲಿ ಅದು 42 ಇಂಚು, ಉತ್ತರದಲ್ಲಿ 60. ಅಷ್ಟು ಅಗೆದ ಮೇಲೆ ಇನ್ನೊಂದಿಷ್ಟು ಅಗೆದ್ರೆ ಒಂದು ಅಂತಸ್ತೇ ಸಿಗುತ್ತೆ. ಫರ್ನೇಸು, ವಾಟರ್ ಹೀಟರು, ಹಳೇ ಸೂಟ್‌ಕೇಸುಗಳಿಗೆ ಅದು ಸರಿ. ಜನ ಮಲಗ್ತಾರೆ ಅಂದ ಕೂಡಲೇ ಲೆಕ್ಕ ಬದಲಾಗುತ್ತೆ.

ಬಹುತೇಕ ರಾಜ್ಯಗಳು ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್ ಅನ್ನೋ ಮಾದರಿ ಸಂಹಿತೆಯನ್ನ ತಮ್ಮದೇ ತಿದ್ದುಪಡಿಗಳ ಜೊತೆ ಪಾಲಿಸ್ತವೆ. ನಾವು ಹೇಳೋ ಅಂಕಿಗಳು ಆ ಮಾದರಿಯವು. ನಿಮ್ಮ ಊರಿನದನ್ನ ನೀವು ಕೇಳಿ ಖಚಿತ ಮಾಡ್ಕೊಳ್ಳಿ.

ಮೊದಲು ಕಿಟಕಿ. ಬೇಸ್‌ಮೆಂಟ್‌ಗೆ ಸಾಮಾನ್ಯವಾಗಿ ಇರೋದು ಒಂದೇ ಮೆಟ್ಟಿಲು. ಬೆಂಕಿ ಬಿದ್ರೆ ಹೊಗೆಗೂ ಅದೇ ದಾರಿ. ಹಳೇ ಕಾಲದ ಮರ-ಹತ್ತಿಯ ಪೀಠೋಪಕರಣ ಇದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳೋಕೆ ಸುಮಾರು ಅರ್ಧ ಗಂಟೆ ಬೇಕಾದ್ರೆ, ಈಗಿನ ಪಾಲಿಯುರೆಥೇನ್ ಫೋಮ್ ತುಂಬಿದ ಸೋಫಾ ಇರೋ ಕೋಣೆಗೆ ಐದು ನಿಮಿಷವೂ ಬೇಡ ಅಂತ ಯುಎಲ್ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ಅದಕ್ಕೇ ಕೆಳಗಿನ ಪ್ರತಿಯೊಂದು ಮಲಗುವ ಕೋಣೆಗೂ ನೇರವಾಗಿ ಹೊರಕ್ಕೆ ಹೋಗುವ ದಾರಿ ಬೇಕು. ತೆರೆದಾಗ ಅಗಲ ಕನಿಷ್ಠ 20 ಇಂಚು, ಎತ್ತರ ಕನಿಷ್ಠ 24 ಇಂಚು, ಒಟ್ಟು ಜಾಗ 5.7 ಚದರ ಅಡಿ. ನೆಲಮಟ್ಟದ ಕಿಟಕಿಗೆ 5 ಸಾಕು. ಇಲ್ಲೇ ಜನ ಎಡವೋದು. 20ನ್ನ 24ರಿಂದ ಗುಣಿಸಿ: 480 ಚದರ ಇಂಚು, ಅಂದ್ರೆ ಬರೀ 3.3 ಚದರ ಅಡಿ. ಎರಡೂ ಕನಿಷ್ಠ ಅಳತೆ ಸರಿಯಿದ್ರೂ ಕಿಟಕಿ ಫೇಲ್! ಅಗಲ 20 ಇದ್ರೆ 5 ಚದರ ಅಡಿಗೆ ಎತ್ತರ 36 ಇಂಚು ಬೇಕಾಗುತ್ತೆ. ಅಳೆಯೋದೂ ಗಾಜನ್ನಲ್ಲ, ತೆರೆದ ಮೇಲೆ ನಿಜಕ್ಕೂ ಉಳಿಯೋ ತೂತನ್ನ. ಪಕ್ಕಕ್ಕೆ ಜಾರಿಸೋ ಕಿಟಕಿಯಲ್ಲಿ ಅರ್ಧ ಯಾವಾಗಲೂ ಮುಚ್ಚಿರುತ್ತೆ. ಬಾಗಿಲಿನ ಹಾಗೆ ತೆರೆಯೋ ಕೇಸ್‌ಮೆಂಟ್ ಕಿಟಕಿ ಇಲ್ಲಿ ಜಾಣ ಆಯ್ಕೆ.

ಅಳತೆ ಇಷ್ಟು ದೊಡ್ಡದು ಯಾಕಂದ್ರೆ, ಒಳಗಿರೋರು ಹೊರಗೆ ಬರೋದಷ್ಟೇ ಅಲ್ಲ, ಬೆನ್ನ ಮೇಲೆ ಗಾಳಿಯ ಸಿಲಿಂಡರ್ ಹೊತ್ತ ಅಗ್ನಿಶಾಮಕ ಸಿಬ್ಬಂದಿ ಒಳಗೆ ಬರಬೇಕು. ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. 44 ಇಂಚು ಅಂದ್ರೆ ನಮ್ಮ ಅಮ್ಮಂದಿರಿಗೆ ಎದೆಮಟ್ಟ. ಮಂಡಿನೋವಿರೋ ಎಪ್ಪತ್ತರ ಹಿರಿಯರು ಕತ್ತಲಲ್ಲಿ ಅದನ್ನ ಹತ್ತೋದು ಕಷ್ಟ. ಗೋಡೆ ಕೊರೆಸೋದು ಹೇಗೂ ಖರ್ಚೇ, ಇನ್ನಷ್ಟು ಕೆಳಗಿನವರೆಗೆ ಕೊರೆಸಿ ಅನ್ನೋದು ನಮ್ಮ ಅಭಿಪ್ರಾಯ. ಹೊರಗಡೆ ತೋಡೋ ಗುಂಡಿ ಕನಿಷ್ಠ 9 ಚದರ ಅಡಿ, ಉದ್ದ-ಅಗಲ 36 ಇಂಚಿಗೆ ಕಮ್ಮಿಯಿಲ್ಲದ ಹಾಗೆ; ಆಳ 44 ಇಂಚು ಮೀರಿದ್ರೆ ಏಣಿ ಕಡ್ಡಾಯ. ಅಗೆಯೋ ಮುಂಚೆ 811ಕ್ಕೆ ಫೋನ್ ಮಾಡಿ, ಗ್ಯಾಸ್ ಪೈಪು, ಕೇಬಲ್ ಎಲ್ಲಿದೆ ಅಂತ ಬಂದು ಗುರುತು ಹಾಕ್ತಾರೆ.

ನಕ್ಷೆಯಲ್ಲಿ 'ಬೆಡ್‌ರೂಮ್' ಬದಲು 'ಆಫೀಸ್' ಅಂತ ಬರೆದು ಕಿಟಕಿ ತಪ್ಪಿಸಿಕೊಳ್ಳೋರೂ ಇದ್ದಾರೆ. ಹೊಗೆ ನಕ್ಷೆ ಓದಲ್ಲ.

ಹೊಗೆ ಅಲಾರಂ ಮಲಗುವ ಕೋಣೆಯೊಳಗೆ, ಅದರ ಹೊರಗೆ, ಪ್ರತಿ ಅಂತಸ್ತಿನಲ್ಲಿ ಬೇಕು. ಒಂದು ಕೂಗಿದ್ರೆ ಎಲ್ಲವೂ ಕೂಗಬೇಕು, ಯಾಕಂದ್ರೆ ಮೇಲಿನ ಅಡುಗೆಮನೆಯ ಬೆಂಕಿ ಕೆಳಗೆ ಮಲಗಿದವರಿಗೆ ಗೊತ್ತಾಗಬೇಕಲ್ಲ. ಚಾವಣಿ 7 ಅಡಿ. ತೊಲೆ, ಡಕ್ಟ್‌ಗಳ ಕೆಳಗೆ 6 ಅಡಿ 4 ಇಂಚಿಗೆ ವಿನಾಯಿತಿ ಉಂಟು.

ಫರ್ನೇಸಿನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಚೆಂದ ಕಾಣಲಿ ಅಂತ ಅದನ್ನ ಪುಟ್ಟ ಕೋಣೆಯಲ್ಲಿ ಮುಚ್ಚಿಬಿಡ್ತೀವಿ. ಆದ್ರೆ ಉರಿಯೋಕೆ ಆಮ್ಲಜನಕ ಬೇಕು. ಸುತ್ತಲಿನ ಗಾಳಿಯನ್ನೇ ಬಳಸೋ ಫರ್ನೇಸಾದ್ರೆ, ಸಾಮಾನ್ಯ ನಿಯಮ 1,000 ಬಿಟಿಯುಗೆ 50 ಘನ ಅಡಿ ಜಾಗ. 80,000ದ ಫರ್ನೇಸು, 40,000ದ ವಾಟರ್ ಹೀಟರು ಸೇರಿದ್ರೆ 6,000 ಘನ ಅಡಿ. 10 ಅಡಿಗೆ 10 ಅಡಿ, 8 ಅಡಿ ಎತ್ತರದ ಕೋಣೆಯಲ್ಲಿರೋದು 800! ಗಾಳಿ ಸಾಲದಿದ್ರೆ ಉರಿಯುವಿಕೆ ಅರೆಬರೆಯಾಗಿ, ಬಣ್ಣ-ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಪರಿಹಾರ ಸುಲಭ: ಲೆಕ್ಕ ಹಾಕಿ ಗೋಡೆಗೆ ಗಾಳಿಕಿಂಡಿ ಇಡಿಸೋದು, ಇಲ್ಲವೇ ಪೈಪಿನಲ್ಲಿ ಹೊರಗಿನ ಗಾಳಿ ಎಳೆದುಕೊಳ್ಳೋ ಯಂತ್ರ ಹಾಕಿಸೋದು. ಸಿಒ ಅಲಾರಂ ಅಂತೂ ಬೇಕೇ ಬೇಕು.

ಕೋಡ್ ಬಹಳ ಕಡೆ ಕೇಳದೇ ಬಿಡೋ ಸಂಗತಿ ರೇಡಾನ್. ಮಣ್ಣಿನ ಯುರೇನಿಯಂ ಕ್ಷಯಿಸ್ತಾ ಹುಟ್ಟೋ ಅನಿಲ ಇದು. ಚಳಿಗಾಲದಲ್ಲಿ ಮನೆಯ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತೆ, ಆ ಜಾಗ ತುಂಬೋಕೆ ಕಾಂಕ್ರೀಟಿನ ಬಿರುಕುಗಳಿಂದ ಮಣ್ಣಿನ ಗಾಳಿ ಒಳಗೆ ಬರುತ್ತೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಕಾರಣ ಇದೇ. ವರ್ಷಕ್ಕೆ ಸುಮಾರು 21,000 ಸಾವು ಅಂತ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಅಂದಾಜಿಸಿದೆ. ಲೀಟರಿಗೆ 4 ಪಿಕೋಕ್ಯೂರಿ ಅಥವಾ ಹೆಚ್ಚಿದ್ರೆ ಸರಿಪಡಿಸಿ ಅನ್ನುತ್ತೆ ಅದು. ಪರೀಕ್ಷೆಯ ಕಿಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ಕಾರ್ಪೆಟ್ ಹಾಸೋ ಮುಂಚೆ ಮಾಡಿ. ನೆಲ ಕೊರೆದು ಪೈಪ್ ಇಳಿಸಿ ಫ್ಯಾನ್ ಕೂರಿಸೋದು ಆಗ ಸಲೀಸು.

ಕೊನೆಗೆ ಪರ್ಮಿಟ್ಟು. ವೈರಿಂಗ್, ಪ್ಲಂಬಿಂಗ್, ಮರದ ಚೌಕಟ್ಟು ಆದ ಮೇಲೆ, ಡ್ರೈವಾಲ್ ಮುಚ್ಚೋ ಮುಂಚೆ ಇನ್ಸ್‌ಪೆಕ್ಟರ್ ಬಂದು ನೋಡಬೇಕು. ಅವಸರಕ್ಕೆ ಮುಚ್ಚಿಬಿಟ್ರೆ ಬಿಚ್ಚಿಸೋ ಅಧಿಕಾರ ಅವರಿಗಿದೆ. ಟಿಕೆಟ್ ಬುಕ್ ಆಗಿದೆ, ಅಪ್ಪ-ಅಮ್ಮ ಇನ್ನು ಮೂರು ವಾರದಲ್ಲಿ ಬರ್ತಾರೆ ಅನ್ನೋ ಹಂತದಲ್ಲಿದ್ರೆ, ಈ ಸಲಕ್ಕೆ ಅವರಿಗೆ ಮೇಲಿನ ರೂಮು ಕೊಟ್ಟು ಮಕ್ಕಳನ್ನ ಒಂದೇ ಕೋಣೆಗೆ ಸೇರಿಸಿ.